ಗಡ್ಡದ ಎಮ್ಮೆಯ ಕರು

ಮೊನ್ನೆ ಎಜ್‌ವೇರ್‌ನಲ್ಲಿ, ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಯೊಂದರಲ್ಲಿ ಹಳೆಯ ವಿಡಿಯೊ ಕ್ಯಾಸೆಟ್ಟುಗಳ ರಾಶಿ ಕಂಡೆ. ಒಂದರ ಮೇಲೆ ಹಳದಿ ಹುಲ್ಲು, ಹುಲ್ಲಿನ ನಡುವೆ ತಲೆಯೆತ್ತಿ ನಿಂತ ಸಿಂಹಿಣಿ. ಡಬ್ಬಿ ತೆರೆದೆ. ಧೂಳು, ಹಳೇ ಪ್ಲಾಸ್ಟಿಕ್ಕು ಎರಡೂ ಕಲೆತ ವಾಸನೆ ಮೂಗಿಗೆ ಬಡಿದದ್ದೇ ತಡ, ರೇನರ್ಸ್ ಲೇನ್‌ನ ಆ ಚರ್ಚ್ ಹಾಲ್ ಕಣ್ಣೆದುರು ಬಂತು. ಟ್ರಾಲಿಯ ಮೇಲೊಂದು ಟಿವಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮಕ್ಕಳು, ಪಕ್ಕದಲ್ಲಿ ರಿಮೋಟ್ ಹಿಡಿದು ನಿಂತ ಮೇಷ್ಟ್ರು...

ಅದು ತೊಂಬತ್ತರ ದಶಕದ ನಡುಭಾಗ. ನಾವು ಕುಂದಾಪುರದಿಂದ ಈ ಇಂಗ್ಲಿಷರ ದೇಶಕ್ಕೆ ಬಂದು ಇನ್ನೂ ಒಂದು ಚಳಿಗಾಲ ಕಳೆದಿರಲಿಲ್ಲ. ಗಂಡನಿಗೆ ರೆಸ್ಟೋರೆಂಟಿನ ಕೆಲಸ, ಭಾನುವಾರವೂ ರಜೆಯಿಲ್ಲ. ಐದು ವರ್ಷದ ಮಗಳು ಶಾಲೆ ಸೇರಿದ ಕೆಲವೇ ತಿಂಗಳಲ್ಲಿ ಕನ್ನಡದಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ನಾನು ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಹಾಲ್‌ನಲ್ಲಿ ಭಾನುವಾರ ಕನ್ನಡ ಪಾಠ ನಡೆಯುತ್ತದೆಂದು ಗೊತ್ತಾಗಿ ಅವಳನ್ನು ಕರೆದುಕೊಂಡು ಹೋದೆ.

ಮೇಷ್ಟ್ರು ಧಾರವಾಡದವರು. ಊರಲ್ಲಿ ಶಾಲೆಯ ಮೇಷ್ಟ್ರಾಗಿದ್ದವರು ಇಲ್ಲಿಗೆ ಬಂದು ನಗರಸಭೆಯಂಥ ಕೌನ್ಸಿಲ್ ಕಚೇರಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಅಆಇಈ ತಿದ್ದಿಸಿದರೆ ಈ ಮಕ್ಕಳು ಓಡಿಹೋಗುತ್ತವೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಆಫ್ರಿಕಾದ ಹುಲ್ಲುಗಾವಲಿನ ಪ್ರಾಣಿಗಳ ಮೇಲಿನ ಹೆಸರಾಂತ ಸಾಕ್ಷ್ಯಚಿತ್ರವೊಂದರ ಕ್ಯಾಸೆಟ್ಟು ಹಾಕಿ, ಇಂಗ್ಲಿಷ್ ದನಿಯನ್ನು ಪೂರ್ತಿ ಬಂದ್ ಮಾಡಿ, ಕಥೆಯನ್ನು ತಾವೇ ಹೇಳುತ್ತಿದ್ದರು. ಜೀಬ್ರಾ ಅವರ ಬಾಯಲ್ಲಿ ಪಟ್ಟೆ ಕುದುರೆಯಾಗಿತ್ತು. ವೈಲ್ಡ್‌ಬೀಸ್ಟ್‌ಗೆ ಕನ್ನಡದಲ್ಲಿ ಹೆಸರು ಸಿಗದೆ 'ಗಡ್ಡದ ಎಮ್ಮೆ' ಎಂದು ಕರೆದಿದ್ದರು. ಮಕ್ಕಳು ಬಿದ್ದುಬಿದ್ದು ನಗುತ್ತಿದ್ದವು. ಬೇಟೆಯ ದೃಶ್ಯ ಹತ್ತಿರ ಬಂದ ಕೂಡಲೇ ಅವರು ರಿಮೋಟ್ ಒತ್ತಿ ನಿಲ್ಲಿಸಿಬಿಡುತ್ತಿದ್ದರು.

ಅವರ ಹೆಂಡತಿಯನ್ನು ಮಕ್ಕಳೆಲ್ಲ ಆಯಿ ಎನ್ನುತ್ತಿದ್ದರು, ಆ ಕಡೆ ಅಜ್ಜಿಗೆ ಹಾಗೆನ್ನುತ್ತಾರೆ. ಪಾಠ ಮುಗಿದ ಮೇಲೆ ಅವರು ಶೇಂಗಾ ಉಂಡೆ ಹಂಚುತ್ತಿದ್ದರಂತೆ. ನಾನು ಅವರನ್ನು ನೋಡಿರಲಿಲ್ಲ. ಊರಿಗೆ ಹೋಗಿದ್ದಾರೆ ಎಂದು ಮಕ್ಕಳು ಹೇಳಿದ್ದರು. ಒಂದು ದಿನ ಮಕ್ಕಳ ಎದುರೇ ಮೇಷ್ಟ್ರಿಗೆ ಹೇಳಿದೆ, "ಆಯಿ ಬರುವಾಗ ನಮಗೂ ಸ್ವಲ್ಪ ಶೇಂಗಾ ಚಟ್ನಿಪುಡಿ ತರೋಕೆ ಹೇಳಿ ಸರ್." ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಹೂಂ, ಹೇಳ್ತೀನ್ರಿ" ಎಂದರು. ಅಲ್ಲೇ ಇದ್ದ ತಾಯಿಯೊಬ್ಬಳು ಥಟ್ಟನೆ ಬೇರೆ ಮಾತು ತೆಗೆದಳು. ನನಗೇನೂ ಅನ್ನಿಸಲಿಲ್ಲ.

ಬೇಸಿಗೆಯ ಒಂದು ಭಾನುವಾರ ಮೇಷ್ಟ್ರು ಕ್ಯಾಸೆಟ್ಟನ್ನು ನಿಲ್ಲಿಸಲಿಲ್ಲ. ನಾನು ಹಿಂದೆ ಕುರ್ಚಿಯಲ್ಲಿ ಕೂತಿದ್ದೆ. ಸಿಂಹಿಣಿ ಹುಲ್ಲಿನಿಂದ ನುಗ್ಗಿತು, ಗಡ್ಡದ ಎಮ್ಮೆಗಳ ಹಿಂಡು ಚದುರಿತು, ಒಂದು ಕರು ಹಿಂದುಳಿಯಿತು. "ಓಡು! ಓಡು ಮರೀ, ಓಡು!" ಎಂದು ಯಾರೋ ಕಿರುಚಿದರು. ನೋಡಿದರೆ ನನ್ನ ಮಗಳು! ಕನ್ನಡದಲ್ಲಿ! ನಾನು ಖುಷಿಪಡುವಷ್ಟರಲ್ಲಿ ಕರು ಬಿತ್ತು.

ಹಿಂಡು ತಿರುಗಿ ಬಂದು ಸಿಂಹಿಣಿಯನ್ನು ಓಡಿಸಿತಾದರೂ ಕರು ಏಳಲಿಲ್ಲ. ತಾಯಿ ಮೂತಿಯಿಂದ ಅದನ್ನು ಮತ್ತೆ ಮತ್ತೆ ನೂಕುತ್ತಿತ್ತು. ಮೇಷ್ಟ್ರು ಹೇಳಿದರು, "ಕರು ಸತ್ತೈತಿ. ಇನ್ನ ಏಳೂದಿಲ್ಲ. ತಾಯಿಗೆ ಅದು ಗೊತ್ತೈತಿ, ಆದ್ರೂ ಬಾಜೂಕ ನಿಂತೈತಿ ನೋಡ್ರಿ." ಕೆಲವು ಮಕ್ಕಳು ಅತ್ತವು. ಅವರು ಅಳಬೇಡಿ ಎನ್ನಲಿಲ್ಲ.

ಮುಂದಿನ ಭಾನುವಾರ ಪಾಠವೇ ನಡೆಯಲಿಲ್ಲ. ಮಕ್ಕಳನ್ನು ಹಿಂದಿನ ತೋಟಕ್ಕೆ ಆಡಲು ಕಳಿಸಿ ದೊಡ್ಡವರೆಲ್ಲ ಸಭೆ ಸೇರಿದರು. ಬೆಂಗಳೂರಿನ ದಂತವೈದ್ಯರೊಬ್ಬರು ಕೆಂಡವಾಗಿದ್ದರು. ಚಿಕ್ಕ ಮಕ್ಕಳಿಗೆ ಇಂಥ ರಕ್ತ ತೋರಿಸುವುದೇ, ಅಷ್ಟು ಹತ್ತಿರ ನಿಂತ ಕ್ಯಾಮೆರಾದವನಾದರೂ ಆ ಕರುವನ್ನು ಉಳಿಸಬಾರದಿತ್ತೇ ಎಂಬುದು ಅವರ ಸಿಟ್ಟು. ತನ್ನ ಮಗಳು ಊಟ ಬಿಟ್ಟಿದ್ದಾಳೆ ಎಂದು ಒಬ್ಬ ತಾಯಿ ಕಣ್ಣೊರೆಸಿಕೊಂಡಳು. ಇಡೀ ಜಗತ್ತೇ ಮೆಚ್ಚಿದ ಚಿತ್ರವಿದು, ಇಲ್ಲಿನ ಶಾಲೆಗಳಲ್ಲೂ ತೋರಿಸುತ್ತಾರೆ ಎಂದು ಇನ್ನೊಬ್ಬರು ವಾದಿಸಿದರು. ಉಡುಪಿಯ ಹೋಟೆಲಿನವರೊಬ್ಬರು ಮಾತ್ರ, "ಸಿಂಹಕ್ಕೂ ಮರಿಗಳುಂಟಲ್ಲ ಮಾರಾಯ್ರೆ, ಅವೇನು ಇಡ್ಲಿ ತಿನ್ನಬೇಕಾ?" ಎಂದರು. ಯಾರೂ ನಗಲಿಲ್ಲ. ಮುಂದೆ ಇಂಥ ದೃಶ್ಯ ತೋರಿಸುವುದಿಲ್ಲ ಎಂದು ಮೇಷ್ಟ್ರು ಮಾತು ಕೊಡಬೇಕು ಎಂದರು ದಂತವೈದ್ಯರು.

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಮೇಷ್ಟ್ರು ಎದ್ದು ನಿಂತರು.

"ಪ್ರತಿ ಐತವಾರ ನಿಮ್ಮ ಮಕ್ಕಳು ನನ್ನ ಕೇಳ್ತಾವ್ರಿ, ಆಯಿ ಯಾವಾಗ ಬರ್ತಾಳಂತ. ಸಣ್ಣ ಮಕ್ಕಳು, ಹೆದರ್ತಾವ, ಊರಿಗೆ ಹೋಗ್ಯಾಳ ಅಂತ ಹೇಳ್ರಿ ಅಂದ್ರಿ ನೀವು. ಹೇಳಿದೆ. ಆಕೀನ್ನ ಸುಟ್ಟ ಬಂದ ಮ್ಯಾಲಿನ ಮೊದಲನೇ ಐತವಾರನ ಇಲ್ಲಿ ನಿಂತ ಹೇಳೀನಿ. ಇನ್ನ ನನ್ನ ಕಡಿಂದ ಆಗೂದಿಲ್ರಿ. ಸಾವಂದ್ರ ಏನಂತ ಮದಲ ತಿಳೀಲಿ ಅಂತ ಆ ಕರು ತೋರಿಸಿದೆ."

ನಾನು ಸುತ್ತ ನೋಡಿದೆ. ಎಲ್ಲರ ಕಣ್ಣೂ ನೆಲದ ಮೇಲಿತ್ತು. ಎಲ್ಲರಿಗೂ ಗೊತ್ತಿತ್ತು... ನಾವು ಪಾಠಕ್ಕೆ ಸೇರುವ ಮೊದಲೇ, ಚಳಿಗಾಲದಲ್ಲೇ, ಆಯಿ ತೀರಿಕೊಂಡಿದ್ದರು. ನಾನು ಯಾರ ಕೈಲಿ ಚಟ್ನಿಪುಡಿ ತರಿಸಲು ಹೇಳಿದ್ದೆ! ಅದಕ್ಕೆ ಅವರು ಹೂಂ ಎಂದಿದ್ದರಲ್ಲ! ಸಭೆಯ ಮುಂದಿನ ಮಾತುಗಳು ನನ್ನ ಕಿವಿಗೇ ಬೀಳಲಿಲ್ಲ.

ಕೊನೆಗೆ ದಂತವೈದ್ಯರೇ ಎದ್ದು ಹೋಗಿ ಮಕ್ಕಳನ್ನು ಒಳಗೆ ಕರೆತಂದರು.

ಮೇಷ್ಟ್ರು ನೆಲದ ಮೇಲೆ ಮಕ್ಕಳ ನಡುವೆಯೇ ಕೂತರು. "ಆಯಿ ಊರಿಗೆ ಹೋಗಿಲ್ಲ. ಆಯಿ ಸತ್ತ ಹೋಗ್ಯಾಳ," ಎಂದರು. ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಸಿಂಹ ಹಿಡಿಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಇಲ್ಲವ್ವಾ, ಎದಿಬ್ಯಾನಿ ಆಗಿತ್ತು." ನೀವು ಪಕ್ಕದಲ್ಲಿ ನಿಂತಿದ್ದಿರಾ ಎಂದು ಮತ್ತೆ ಕೇಳಿದಳು. ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟು, "ನಿಂತಿದ್ದೆ," ಎಂದರು. ಅಷ್ಟು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದ ಅಳು ಆಗ ಬಂತು. ಮಕ್ಕಳು ಹೆದರಲಿಲ್ಲ. ಹತ್ತಿರ ಸರಿದು, ಅವರಿಗೆ ಅಂಟಿಕೊಂಡೇ ಕೂತವು. ನಾವು ದೊಡ್ಡವರು ಗೋಡೆಗೊರಗಿ ನಿಂತೇ ಇದ್ದೆವು.

ಒಂದೆರಡು ಸಂಸಾರಗಳು ಪಾಠಕ್ಕೆ ಬರುವುದನ್ನು ನಿಲ್ಲಿಸಿದವು. ಉಳಿದವರು ಬಂದೆವು. ಕೆಲವು ವರ್ಷಗಳಾದ ಮೇಲೆ ಮೇಷ್ಟ್ರಿಗೆ ಮಂಡಿನೋವು ಹೆಚ್ಚಾಗಿ, ಬೇರೆ ಊರಿನಲ್ಲಿದ್ದ ಮಗ ಕರೆದುಕೊಂಡು ಹೋದ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಮನೆ ಬದಲಾಯಿಸಿದ ಗಡಿಬಿಡಿಯಲ್ಲಿ ಅದೂ ನಿಂತಿತು. ಆಮೇಲೆ ಒಂದು ದಿನ ಈಸ್ಟ್ ಹ್ಯಾಮ್‌ನ ಸೀರೆ ಅಂಗಡಿಯಲ್ಲಿ ಹಳೆಯ ಪರಿಚಯದವಳೊಬ್ಬಳು ಸಿಕ್ಕಳು. ಮೇಷ್ಟ್ರು ಹೇಗಿದ್ದಾರಂತೆ ಎಂದು ಕೇಳಿದೆ. ಅವಳು ಸೆರಗಿನ ಜರಿ ನೋಡುತ್ತಲೇ, "ಅಯ್ಯೋ, ಹೋಗಿ ವರ್ಷವಾಯ್ತಲ್ಲ, ನಿಮಗೆ ಯಾರೂ ಹೇಳ್ಲಿಲ್ವಾ?" ಎಂದಳು. ಕೈಯಲ್ಲಿದ್ದ ಸೀರೆಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಏನನ್ನೂ ಕೊಳ್ಳದೆ ಟ್ಯೂಬ್ ರೈಲು ಹತ್ತಿದೆ.

ಮೊನ್ನೆ ಎಜ್‌ವೇರ್‌ನಿಂದ ಮನೆಗೆ ಮರಳುವಾಗ ದಾರಿ ಬದಲಿಸಿ ಆ ಹಾಲ್‌ಗೆ ಹೋದೆ. ಈಗ ಅಲ್ಲಿ ಯೋಗದ ತರಗತಿ ನಡೆಯುತ್ತದೆ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಚಾಪೆ ಸುತ್ತುತ್ತಿದ್ದ ಹೆಂಗಸೊಬ್ಬಳು ಬಂದು, ಯಾರು ಬೇಕಾಗಿತ್ತು ಎಂದು ವಿಚಾರಿಸಿದಳು. ಯಾರೂ ಇಲ್ಲ, ಸುಮ್ಮನೆ ನೋಡಲು ಬಂದೆ ಎನ್ನಲು ಹೊರಟವಳು ತಡೆದುಕೊಂಡೆ.

"ಇಲ್ಲಿ ನನ್ನ ಮಗಳ ಮೇಷ್ಟ್ರಿದ್ದರು," ಎಂದೆ. "ಸತ್ತುಹೋದರು."