ಲ್ಯಾಬ್ ಡಾಕ್ಟರಮ್ಮನ ಸಿಟ್ಟು

ನಮ್ಮ ಲ್ಯಾಬ್ ಡಾಕ್ಟರಮ್ಮನ ಉಗುರುಗಳು ಸದಾ ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆಯ ಬಣ್ಣ. ಸ್ಲೈಡಿಗೆ ಬಣ್ಣ ಹಾಕುವುದು ಟೆಕ್ನೀಷಿಯನ್ ಕೆಲಸ. ಆ ಹುದ್ದೆಗೆ ವರ್ಷಗಟ್ಟಲೆ ಯಾರನ್ನೂ ಕೊಡದ ಮಹಾನುಭಾವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಡಾಕ್ಟರಮ್ಮ ತಾವೇ ಬಣ್ಣ ಹಾಕಿ, ತಾವೇ ತೊಳೆದು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತರೆ ತಂದಿಟ್ಟ ಕಾಫಿ ಆರಿ ಕೆನೆಗಟ್ಟುತ್ತಿತ್ತು. ಅವಸರ ಮಾಡಿದವರಿಗೆ, "ತಡೀರಿ, ಈ ಗಾಜಿನ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ" ಎನ್ನುತ್ತಿದ್ದರು.

ನಾನು ಅದೇ ಆಸ್ಪತ್ರೆಯ ನರ್ಸು. ಮಾದಾಪುರದ ಕಡೆ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಕ್ಯಾಂಪ್ ಇತ್ತು. ಹೆಂಗಸರ ಗರ್ಭಕೊರಳಿನಿಂದ ಕೆರೆದು ತೆಗೆದದ್ದನ್ನು ಗಾಜಿಗೆ ಸವರಿದ ಕೂಡಲೇ ಸ್ಪಿರಿಟ್ಟಿನಲ್ಲಿ ಅದ್ದಬೇಕು. ಒಣಗಿದರೆ ಜೀವಕೋಶಗಳು ಊದಿಕೊಂಡು ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಇದು ನನಗೆ ತಿಳಿದಿತ್ತು. ಆದರೆ ಕ್ಯಾಂಪ್ ನಡೆಸುತ್ತಿದ್ದ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು, "ಸಿಸ್ಟರ್, ಎಲ್ಲಾ ಸ್ಲೈಡು ಸಾಲಾಗಿ ಟೇಬಲ್ ಮೇಲಿಡಿ, ಫೋಟೋ ಚೆನ್ನಾಗಿ ಬರ್ತದೆ" ಎಂದರು. ಇಟ್ಟೆ. ಫೋಟೋಗೆಂದು ಕರೆದಿದ್ದ ಅತಿಥಿಗಳು ಬರುವಷ್ಟರಲ್ಲಿ ಅವು ಹಪ್ಪಳದಂತೆ ಒಣಗಿದ್ದವು. ಆಮೇಲೆ ಅದ್ದಿ ಕಳಿಸಿದೆ.

ಡಾಕ್ಟರಮ್ಮ ಎಲ್ಲದರ ಮೇಲೂ 'ನೋಡಲು ಬರುವುದಿಲ್ಲ, ಮತ್ತೆ ತೆಗೆಯಿರಿ' ಎಂದು ಬರೆದರು. ದೊಡ್ಡ ಡಾಕ್ಟರು ಪೇಪರಿನವರಿಗೆ 'ಯಾರಲ್ಲೂ ಕ್ಯಾನ್ಸರ್ ಕಂಡುಬಂದಿಲ್ಲ' ಎಂದು ಹೇಳಿದರು. ಡಾಕ್ಟರಮ್ಮ ಆ ಪೇಪರ್ ಹಿಡಿದು ವಾರ್ಡಿಗೇ ನುಗ್ಗಿದರು.

"ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತನಾ? ಯಾರ್ರೀ ಇದನ್ನ ಒಣಗಿಸಿದ್ದು?"

"ಗಾಳಿ ಇತ್ತು ಮೇಡಂ" ಎಂದೆ. ಹಸಿ ಸುಳ್ಳು.

ಮರುದಿನವೇ ನನ್ನನ್ನು ಜೀಪಿಗೆ ಹತ್ತಿಸಿಕೊಂಡು ಲೈನಿಗೆ ಹೊರಟರು. 'ಕಾಫಿ ಪಿಕಿಂಗ್ ಟೈಮು, ಈಗ ಆಗಲ್ಲ' ಎಂದ, ಕೂಲಿ ಲೆಕ್ಕ ಬರೆಯುವ ಎಸ್ಟೇಟ್ ರೈಟರಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಹೆಂಗಸರು ಬಂದು ಮತ್ತೆ ಪರೀಕ್ಷೆ ಮಾಡಿಸಿಕೊಂಡರು. ಒಬ್ಬಳು ಮಾತ್ರ ತನ್ನ ಬಾಗಿಲಲ್ಲೇ ನಿಂತು, "ನಂಗೆ ಏನೂ ಇಲ್ಲಾಂತ ಪೇಪರಲ್ಲೇ ಬಂದುಂಟಲ್ಲ ಅಮ್ಮ, ಮತ್ತೆ ಎಂಥಕ್ಕೆ?" ಎಂದು ನಕ್ಕಳು. ಡಾಕ್ಟರಮ್ಮ ಎಷ್ಟು ಬೇಡಿಕೊಂಡರೂ ಬರಲಿಲ್ಲ.

ಮುಂದಿನ ವರ್ಷದ ಪಿಕಿಂಗ್ ಹೊತ್ತಿಗೆ ಅವಳೇ ರಕ್ತಸ್ರಾವವಾಗಿ ಆಸ್ಪತ್ರೆಗೆ ಬಂದಳು. ಡಾಕ್ಟರಮ್ಮ ಅವಳ ಹೊಸ ಸ್ಲೈಡು ನೋಡಿ, ನನ್ನನ್ನು ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಅಡ್ಡಾದಿಡ್ಡಿ ಬೆಳೆದ ಕಪ್ಪು ಜೀವಕೋಶಗಳು ಒಂದರ ಮೇಲೊಂದು ಬಿದ್ದಿದ್ದವು.

"ಇದು ಆವತ್ತೇ ಇದ್ದಿರ್ತದೆ ಸಿಸ್ಟರ್. ನಮ್ಮ ಕೈಗೆ ಬಂದಿತ್ತು" ಎಂದು ಅತ್ತರು. ನಾನು ಆಗಲೂ ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಆ ಹೆಂಗಸು ಉಳಿಯಲಿಲ್ಲ. ಪೇಪರಿನ ಆ ಸುಳ್ಳಿನ ಬಗ್ಗೆ ಮೇಲಿನವರಿಗೆ ದೂರು ಬರೆದ ಡಾಕ್ಟರಮ್ಮನಿಗೆ ವರ್ಗಾವಣೆ, ದೊಡ್ಡ ಡಾಕ್ಟರಿಗೆ ಬಡ್ತಿ.

ಕಳೆದ ವರ್ಷ ಡಾಕ್ಟರಮ್ಮ ತೀರಿಕೊಂಡರು. ನಮ್ಮ ಆಸ್ಪತ್ರೆಯ ಸಂತಾಪ ಸಭೆಯಲ್ಲಿ ಅದೇ ದೊಡ್ಡ ಡಾಕ್ಟರು, "ಕೆಲಸದಲ್ಲಿ ಚಿನ್ನ, ಸಿಟ್ಟು ಮಾತ್ರ ಸ್ವಲ್ಪ ಜಾಸ್ತಿ" ಎಂದರು. ಜನ ನಕ್ಕರು. ನಾನು ಎದ್ದು ನಿಂತೆ.

"ಆ ಸ್ಲೈಡು ಒಣಗಿಸಿದ್ದು ಗಾಳಿಯಲ್ಲ ಸಾರ್. ನೀವು ಇಡಿ ಅಂದ್ರಿ, ನಾನು ಇಟ್ಟೆ. ಒಂದು ಜೀವ ಹೋಯ್ತು."

ಯಾರೂ ನನಗೆ ಒಂದು ಮಾತೂ ಬೈಯಲಿಲ್ಲ. ಬೈಯಬೇಕಾಗಿದ್ದ ಒಬ್ಬರೇ ಒಬ್ಬರು ಅಲ್ಲಿರಲಿಲ್ಲ.