ಒದ್ದೆ ಬಟ್ಟೆಯ ಬೇಸಿಗೆ

ಬಿಸಿಲೇರುತ್ತಿದ್ದಂತೆ ಓಣಿಯ ತಗಡಿನ ಸೂರುಗಳು ಟಕ್, ಟಕ್ ಎನ್ನತೊಡಗುತ್ತವೆ. ಕಾದ ತಗಡು ಹಿಗ್ಗುವ ಸದ್ದು ಅದು. ಓಣಿಯ ಕೊನೆಯ ಮನೆಯ ಮೀಟರಕ್ಕ ಆ ಸದ್ದು ಕೇಳುತ್ತಲೇ ಬೆಳೆದವಳು.

ಮೀಟರಕ್ಕ ಎಂಬುದು ಓಣಿಯವರು ಇಟ್ಟ ಹೆಸರು. ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಡಿಗ್ರಿ ಮುಗಿಸಿ, ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದ್ದಳು. ಹವಾಮಾನ ಬದಲಾವಣೆಯ ಬಗ್ಗೆ ಭೌತಶಾಸ್ತ್ರ, ವೈದ್ಯಕೀಯ, ಅರ್ಥಶಾಸ್ತ್ರ ವಿಭಾಗಗಳು ಕೂಡಿ ಅಲ್ಲೊಂದು ಅಧ್ಯಯನ ನಡೆಸುತ್ತಿದ್ದವು. ತಗಡಿನ ಮನೆ ಎಷ್ಟು ಕಾಯುತ್ತದೆ, ಯಾರ ಆರೋಗ್ಯ ಕೆಡುತ್ತದೆ, ಯಾರ ದುಡಿಮೆ ತಪ್ಪುತ್ತದೆ ಎಂದು. ಮನೆಮನೆಯಲ್ಲೂ ಬಿಸಿ ಅಳೆಯುವ ಪುಟ್ಟ ಪೆಟ್ಟಿಗೆ ತೂಗುಹಾಕುವುದು ಅವಳ ಕೆಲಸ. ಮೂರು ವಿಭಾಗದವರ ಮೂರು ಭಾಷೆಯನ್ನು ಒಬ್ಬರದು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವುದೂ ಅವಳೇ. ಓಣಿ ಕಾಯುತ್ತಿದೆ ಎಂದು ಸಾಬೀತಾದರೆ ಎಲ್ಲ ಸೂರುಗಳಿಗೂ ಬಿಸಿ ತಡೆಯುವ ಬಿಳಿ ಬಣ್ಣ ಹೊಡೆಸುವುದಾಗಿ ನಗರಸಭೆ ಒಪ್ಪಿತ್ತು.

ಆದರೆ ಲೆಕ್ಕ ಬಂದಾಗ ಓಣಿ ಮರದ ನೆರಳಿನಷ್ಟು ತಂಪಾಗಿತ್ತು.

"ಜನ ಸುಮ್ನೆ ಸೆಕೆ ಸೆಕೆ ಅಂತಾರೆ ಅನ್ಸುತ್ತೆ," ಎಂದರು ಅರ್ಥಶಾಸ್ತ್ರದ ಮೇಡಂ.

"ಹಾಗಾದ್ರೆ ತಲೆಸುತ್ತು ಅಂತ ನನ್ನ ಹತ್ರ ಬರೋರೆಲ್ಲ ನಾಟಕ ಕಂಪನಿಯವರಾ?" ಎಂದರು ಡಾಕ್ಟರು.

ಮೀಟರಕ್ಕನ ಕಿವಿಯಲ್ಲಿ ತಗಡು ಟಕ್ ಎನ್ನುತ್ತಿತ್ತು. ಯಾವಾಗಲೂ ಬೆಳಗಿನ ತಂಪಿನಲ್ಲಿ ಮನೆಗಳಿಗೆ ಹೋಗುತ್ತಿದ್ದವಳು ಅಂದು ನೆತ್ತಿ ಸುಡುವ ಹೊತ್ತಿಗೆ ಹೊಲಿಗೆ ಅಜ್ಜಿಯ ಬಾಗಿಲಲ್ಲಿ ನಿಂತಳು. ಮೊಳೆಯಲ್ಲಿ ಪೆಟ್ಟಿಗೆ ಇರಲಿಲ್ಲ. ನೀರಿನ ಕೊಡದ ಪಕ್ಕ, ಒದ್ದೆ ಬಟ್ಟೆ ಸುತ್ತಿಕೊಂಡು ಹಾಯಾಗಿ ಕೂತಿತ್ತು.

"ಅಜ್ಜೀ, ಇದೇನಿದು?"

"ನೀನೇ ಅಲ್ವೇನೇ ಮಗು ಥರ ನೋಡ್ಕೊಳ್ಳಿ ಅಂದಿದ್ದು? ಮಧ್ಯಾಹ್ನ ಮುಟ್ಟಿದ್ರೆ ಕೈ ಸುಡುತ್ತೆ ಕಣೇ. ಪಾಪ, ಅದಕ್ಕೂ ಸೆಕೆಯಾಗಲ್ವಾ?"

"ಮತ್ತೆ ನಿಮಗೆ?"

"ನಮಗೇನು, ಅಭ್ಯಾಸ." ಅಜ್ಜಿಯ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ಪಕ್ಕದ ಮನೆಯಲ್ಲಿ ಪೆಟ್ಟಿಗೆ ಮಂಚದ ಕೆಳಗಿತ್ತು. ಅದರಾಚೆಯ ಮನೆಯಲ್ಲಿ, ಇದ್ದ ಒಂದೇ ಫ್ಯಾನು ಅದರ ಕಡೆಗೇ ಮುಖ ಮಾಡಿ ತಿರುಗುತ್ತಿತ್ತು. ಅವಳಿಗೆ ನಗು ಬಂತು. ಆಮೇಲೆ ಬರಲಿಲ್ಲ.

ಮರುದಿನ ಎಲ್ಲರೆದುರು ನಡೆದದ್ದನ್ನೆಲ್ಲ ಹೇಳಿದಳು. "ಮಗು ಥರ ಅಂದವಳು ನಾನು. ತಪ್ಪು ನನ್ನದು. ಈ ವರದಿ ಕಳಿಸಬೇಡಿ."

ಭೌತಶಾಸ್ತ್ರದ ಸರ್ ತಲೆ ಹಿಡಿದುಕೊಂಡರು. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲಮ್ಮಾ!"

"ಬೇಸಿಗೆಗೇನು ಬರವಿಲ್ಲ ಸರ್. ಇನ್ನೂ ಅರ್ಧ ಬಾಕಿಯಿದೆ."

ಡಾಕ್ಟರು ಗೊಳ್ಳೆಂದು ನಕ್ಕರು. ಮೇಡಂ ಮಾತ್ರ ನಗಲಿಲ್ಲ. "ಸುಮ್ನೆ ಅಂತಾರೆ ಅಂದುಬಿಟ್ಟೆನಲ್ಲ ನಾನು," ಎಂದು ಮೆಲ್ಲಗೆ ಹೇಳಿ, ವರದಿಯನ್ನು ಮೇಜಿನ ಖಾನೆಗೆ ತಳ್ಳಿದರು.

ಸುತ್ತಿಗೆ, ಮೊಳೆಗಳ ಚೀಲ ಹೆಗಲಿಗೇರಿಸಿ ಅವಳು ಆ ಮಧ್ಯಾಹ್ನವೇ ಓಣಿಗೆ ಬಂದಳು. ಅಜ್ಜಿಯ ಪೆಟ್ಟಿಗೆ ಮತ್ತೆ ಮೊಳೆ ಸೇರಿತು.

"ಅಲ್ವೇ, ಅದಕ್ಕೇನಾದ್ರೂ ಆದ್ರೆ?"

"ಅದು ಬೇಯದಿದ್ರೆ ನೀವು ಬೇಯ್ತಿರೋದು ಯಾರಿಗಜ್ಜೀ ಗೊತ್ತಾಗ್ಬೇಕು?" ಎನ್ನುತ್ತ ಆ ಒದ್ದೆ ಬಟ್ಟೆಯನ್ನು ಅಜ್ಜಿಯ ನೆತ್ತಿಗೆ ಹೊದಿಸಿದಳು. ತಲೆಯ ಮೇಲೆ ತಗಡು ಟಕ್ಕೆಂದಿತು. "ಇನ್ನು ಫ್ಯಾನಿನ ಮನೆಯವರ ಹತ್ರ ಜಗಳ ಆಡ್ಬೇಕು, ಆಮೇಲೆ ಆ ಮಂಚದ ಕೆಳಗಿನದನ್ನ," ಎನ್ನುತ್ತಲೇ ಹೊಸ್ತಿಲು ದಾಟಿ ಬಿಸಿಲಿಗಿಳಿದಳು, "ಎಳೆದು ಮತ್ತೆ ಗೋಡೆಗೆ ತೂಗುಹಾಕಿ, ಅಲ್ಲಿಂದ ಮೂಲೆಮನೆಗೆ ಹೋಗ್ಬೇಕು."