ಬೂರೆಗೆ ಒಬ್ಬನೇ ಹೋದನಾ?

ಆಗೆಲ್ಲ ನಮ್ಮ ಕಡೆ ದೀಪಾವಳಿಯಲ್ಲಿ ಕದಿಯುವುದಕ್ಕೂ ಒಂದು ರಾತ್ರಿ ಇರುತ್ತಿತ್ತು. ಆನವಟ್ಟಿಯಿಂದ ಒಳಗೆ ಸ್ವಲ್ಪ ದೂರ ನಮ್ಮ ಊರು. ನೀರು ತುಂಬುವ ಹಬ್ಬಕ್ಕೆ ಅಲ್ಲಿ ಬೂರೆ ಹಬ್ಬ ಅಂತಲೇ ಹೆಸರು. ಹೆಂಗಸರು ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಿ, ಹಿಂಡಲೆಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಮಲಗಿದ ಮೇಲೆ ಗಂಡಸರು ಗುಂಪು ಕಟ್ಟಿಕೊಂಡು ಕದಿಯಲು ಹೊರಡುತ್ತಿದ್ದರು, ಅದಕ್ಕೆ ಬೂರೆಗೆ ಹೋಗುವುದು ಎನ್ನುತ್ತಿದ್ದರು. ಒಬ್ಬರ ಹಿತ್ತಿಲ ಸೌತೆಕಾಯಿ, ಇನ್ನೊಬ್ಬರ ಚೀನಿಕಾಯಿ ಮಾಯ. ಅಂಗಳದಲ್ಲಿದ್ದ ನೇಗಿಲು ಬೆಳಗಾದರೆ ಕೆರೆ ಏರಿಯ ಮೇಲೆ. ಮನೆಯವರು ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈಯಬೇಕು, ಕದ್ದವರು ನಗುತ್ತಾ ಕೇಳಿಸಿಕೊಳ್ಳಬೇಕು. ಬೈಗುಳ ಜಾಸ್ತಿಯಾದಷ್ಟೂ ಒಳ್ಳೆಯದಂತೆ. ತಿನ್ನುವ ವಸ್ತು ಹೊಟ್ಟೆಗೆ, ಸಾಮಾನು ಮರಳಿ ಮನೆಗೆ. "ಯಾರೋ ಒಯ್ದಿದ್ದು?" ಎಂದು ಕೇಳಿದರೆ "ನಾನೇ" ಎನ್ನುವುದೂ ಆಟದ ಒಂದು ಭಾಗ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಆ "ನಾನೇ" ಎಂಬ ಮಾತೇ ಗುತ್ಯಪ್ಪನನ್ನು ಜೈಲಿಗೆ ಕಳಿಸಿತು.

ಗುತ್ಯಪ್ಪ ನಮ್ಮ ಪಕ್ಕದ ಮನೆಯವನು. ಕೂಲಿ ಮಾಡುತ್ತಿದ್ದ. ನಮ್ಮಂಥ ಮಕ್ಕಳಿಗೆ ಪಟ್ಟೆಂದು ಕಾಯಿ ಹಾರಿಸುವ ಬಿದಿರಿನ ಪೆಟ್ಲು ಮಾಡಿಕೊಟ್ಟು, ಅದರೊಳಗೆ ಹಾಕುವ ಕಾಯಿಯನ್ನೂ ತಾನೇ ತಂದುಕೊಡುತ್ತಿದ್ದ. ಆ ಕಾಯಿ ಒಡೆದಾಗಿನ ಹಸಿ ಒಗರು ವಾಸನೆ ಇವತ್ತೂ ನನ್ನ ಮೂಗಿನಲ್ಲಿದೆ. ಆ ಸಲ ಬೂರೆಗೆ ಹೋದ ಗುಂಪು ಸಾಹುಕಾರರ ಅಂಗಳದಿಂದ ತಾಮ್ರದ ಕೊಡ ಹೊತ್ತು ತಂದು ಹಲಸಿನ ಮರಕ್ಕೆ ನೇತುಹಾಕಿತ್ತು. ಕೆಟ್ಟ ಗಳಿಗೆ ನೋಡಿ, ಅದೇ ಹಬ್ಬದ ಗದ್ದಲದಲ್ಲಿ ಆ ಮನೆಯ ಒಳಗಿಂದ ಒಂದು ಬಂಗಾರದ ಸರವೂ ಕಳೆದುಹೋಯಿತು. ವಿಚಾರಣೆಗೆ ಬಂದ ಪೊಲೀಸ್ ಅಧಿಕಾರಿ ಬೇರೆ ಸೀಮೆಯವರು, ನಮ್ಮ ಕಡೆಗೆ ಹೊಸಬರು. ಮರದ ಕೆಳಗೆ ನಿಂತು, "ಯಾರು ಕದ್ದದ್ದು ಇದನ್ನು?" ಎಂದು ಗದರಿದರು.

ಗುತ್ಯಪ್ಪ ಹಲ್ಲು ಕಿರಿದು, "ನಾನೇ ಸ್ವಾಮಿ, ನಂದೇ ಕೆಲ್ಸ" ಎಂದವನೇ ಸರಸರ ಮರ ಹತ್ತಿ ಕೊಡ ಇಳಿಸಿ ಅವರ ಮುಂದಿಟ್ಟ. ಸುತ್ತ ನಿಂತ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ಮಾತ್ರ ನಗಲಿಲ್ಲ.

ಕೊಡ ಒಯ್ದವನೇ ಸರವನ್ನೂ ಒಯ್ದ ಎಂದು ಕೇಸಾಯಿತು. ಕೋರ್ಟಿನಲ್ಲಿ ಕೇಳಿದಾಗಲೂ ಅವನು, "ಕೊಡ ನಾನೇ ತಂದಿದ್ದು ಸ್ವಾಮಿ, ಸರ ಗೊತ್ತಿಲ್ಲ" ಎಂದನಂತೆ. ಮೊದಲನೆಯದನ್ನು ನಂಬಿದರು, ಎರಡನೆಯದನ್ನು ನಂಬಲಿಲ್ಲ. ಜೊತೆಗೆ ಹೋದವರು ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಭತ್ತದ ಸಸಿ ನಾಟಿಯಾಗುವ ಹೊತ್ತಿಗೆ ಶಿಕ್ಷೆಯೂ ಆಯಿತು. ಹಿಡಿದುಕೊಂಡು ಹೋದಾಗ ಅವನ ಹೆಂಡತಿ ಚೌಡಮ್ಮ ಬಸುರಿ. ಅವನು ಒಳಗಿದ್ದಾಗಲೇ ಹೆಣ್ಣುಮಗು ಹುಟ್ಟಿತು.

ಊರೆಲ್ಲ "ಅಯ್ಯೋ ಪಾಪ" ಎಂದು ಸುಮ್ಮನಾಯಿತು. ಸುಮ್ಮನಾಗದವಳು ಗೌರತ್ತೆ ಒಬ್ಬಳೇ. ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು. ಕೋರ್ಟು ಎಂದರೆ ಏನೆಂದು ಅವಳಿಗೂ ಗೊತ್ತಿರಲಿಲ್ಲ. ಯಾರೋ ಹೇಳಿದರೆಂದು ಶಿಕಾರಿಪುರದ ಒಬ್ಬ ವಕೀಲರನ್ನು ಹುಡುಕಿಕೊಂಡು ಹೊರಟಳು. ನಾನು ಹಟ ಮಾಡಿ ಜೊತೆಗೆ ಹೋದೆ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕರಿಯುವ ಎಣ್ಣೆಯ ಘಮ. "ಕೆಲ್ಸ ಆದ್ಮೇಲೆ ಬಾಯಿ" ಎಂದು ಅತ್ತೆ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು.

ವಕೀಲರು ಎಲ್ಲ ಕೇಳಿಸಿಕೊಂಡು ಹೇಳಿದರು: "ನೋಡ್ರಿ ಅಮ್ಮಾ, ಮೇಲಿನ ಕೋರ್ಟಿಗೆ ಹೋಗಬಹುದು. ಆದ್ರ ಬೂರೆ ಅಂದ್ರ ಏನು, ಆವತ್ತು ಬೆಳಗಾಗೋ ತನಕ ಅವ ಎಲ್ಲಿದ್ದ, ಇದನ್ನ ಜೊತೀಗಿದ್ದೋರೇ ಬಂದು ಹೇಳಬೇಕ್ರಿ. ನಾವೂ ಒಯ್ದೀವಿ ಅಂತ ಅವರೇ ಒಪ್ಪಬೇಕು. ಬರ್ತಾರೇನ್ರಿ?"

"ತರ್ತೀನಿ" ಎಂದಳು ಅತ್ತೆ. ಮಿರ್ಚಿ ತಿನ್ನುವುದು ಇಬ್ಬರಿಗೂ ಮರೆತೇ ಹೋಯಿತು.

ಆ ಮಳೆಗಾಲ ಪೂರ್ತಿ ಅತ್ತೆ ಮನೆಯಿಂದ ಮನೆಗೆ ತಿರುಗಿದಳು. ಹೋದ ಕೂಡಲೇ ವಿಷಯ ತೆಗೆಯುತ್ತಿರಲಿಲ್ಲ. ಹಿತ್ತಿಲ ಬಾಗಿಲಿಂದ ಹೋಗಿ, ಅವರು ಅಕ್ಕಿ ಆರಿಸುತ್ತಿದ್ದರೆ ಮೊರ ಎಳೆದುಕೊಳ್ಳುವಳು, ರೊಟ್ಟಿ ತಟ್ಟುತ್ತಿದ್ದರೆ ಒಲೆಗೆ ಕಟ್ಟಿಗೆ ಒಟ್ಟುವಳು. ಎದ್ದು ಬರುವಾಗ ಮಾತ್ರ ಒಂದೇ ಮಾತು: "ಅಲ್ಲಾ, ಗುತ್ಯಪ್ಪ ಬೂರೆಗೆ ಒಬ್ಬನೇ ಹೋದನಾ?"

ರುದ್ರಪ್ಪನ ಹೆಂಡತಿ ಒಮ್ಮೆ ರೇಗಿಯೇಬಿಟ್ಟಳು. ಆ ರಾತ್ರಿ ಗುಂಪಿನ ಮುಂದಾಳು ಅವಳ ಗಂಡನೇ.

"ನಿಮಗೇನಕ್ಕಾ, ಹಿಂದಿಲ್ಲ ಮುಂದಿಲ್ಲ. ನಮ್ಮನೆಯವ್ರನ್ನೂ ಒಳಗೆ ಹಾಕಿದ್ರೆ?"

"ಹಾಕಿದ್ರೆ ನಿನ್ನ ಗಂಡನ ಸಲುವಾಗೂ ನಾನೇ ಶಿಕಾರಿಪುರದ ಬಸ್ ಹತ್ತುತೀನಿ ಬಿಡೇ. ಮೊರ ಇತ್ತ ಕೊಡು, ಕಲ್ಲು ಹಂಗೇ ಬಿಟ್ಟೀಯ."

ಅವಳಿಗೆ ನಗು ಬಂತು. ಆದರೆ ರುದ್ರಪ್ಪ ಬರಲಿಲ್ಲ. ಯಾರೂ ಬರಲಿಲ್ಲ. ಅತ್ತೆಯನ್ನು ದೂರದಿಂದ ಕಂಡರೇ ಗಂಡಸರು ಗದ್ದೆಯ ದಾರಿ ಹಿಡಿಯುತ್ತಿದ್ದರು.

ಮತ್ತೆ ದೀಪಾವಳಿ ಬಂತು. ಆ ವರ್ಷ ಹೆದರಿಕೆಗೆ ಯಾರೂ ಬೂರೆಗೆ ಹೊರಡಲಿಲ್ಲ. ಬೆಳಿಗ್ಗೆ ಎದ್ದರೆ ಊರು ಬಿಕೋ ಎನ್ನುತ್ತಿತ್ತು. ಎಲ್ಲರ ಸೌತೆಕಾಯಿ ಬಳ್ಳಿಯಲ್ಲೇ, ಎಲ್ಲರ ನೇಗಿಲು ಅಂಗಳದಲ್ಲೇ. ಬೈಯುವುದಕ್ಕೆ ಯಾರಿಗೂ ಏನೂ ಇರಲಿಲ್ಲ.

ಗೌರತ್ತೆ ಎಣ್ಣೆ ಸ್ನಾನ ಮುಗಿಸಿ, ಒದ್ದೆ ಕೂದಲನ್ನು ಹಾಗೇ ಗಂಟು ಹಾಕಿಕೊಂಡು, ಬೀದಿಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಎಲಾ ಇವ್ರ! ನಮ್ಮನೆ ಸೌತೆಕಾಯಿ ಬಳ್ಳೀಲೇ ಐತಲ್ರೋ! ಕದಿಯಾಕೆ ಒಬ್ಬ ಗಂಡ್ಸಿಲ್ವೇನ್ರೋ ಈ ಊರಾಗೆ?"

ಜಗಲಿಗಳ ಮೇಲೆ ನಗು ಎದ್ದಿತು. ಅತ್ತೆಯ ದನಿ ಇನ್ನೂ ಏರಿತು.

"ರುದ್ರಾ, ಹೋದ ಹಬ್ಬಕ್ಕೆ ನಿನ್ನ ಚಪ್ಪಲಿ ನಮ್ಮ ಬೇಲೀಲಿ ಸಿಕ್ಕಿತ್ತಲ್ಲೋ! ಆಗ ಊರು ತುಂಬ ಕಳ್ರಿದ್ರಿ. ಈಗ ಒಬ್ನೇ ಕಳ್ಳ ಆಗ್ಬಿಟ್ನಾ? ತಿನ್ನಾಕೆ ಎಲ್ರೂ ಬೇಕು, ಜೈಲಿಗೆ ಅವನೊಬ್ನೇ ಸಾಕಾ? ಆ ಚೌಡಿ ಕೂಸು ಎತ್ಕೊಂಡು ಇದೇ ಬೀದೀಲಿ ಓಡಾಡ್ತಾಳೆ. ಮುಖ ಎತ್ತಿ ನೋಡ್ರೋ, ನೋಡಾನ!"

ನಗು ನಿಂತುಹೋಯಿತು. ಒಂದೊಂದೇ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅತ್ತೆ ಒಳಗೆ ಬಂದು, ಏನೂ ಆಗದವಳಂತೆ ಚೀನಿಕಾಯಿ ತುರಿದು ಕಡುಬಿಗೆ ಹಿಟ್ಟು ಕಲಸಲು ಕೂತಳು.

ಮಧ್ಯಾಹ್ನ ಬಾಳೆಲೆಯ ಮೇಲೆ ಬಿಸಿ ಕಡುಬು ಬಿಡಿಸುತ್ತಿದ್ದಾಗ ಜಗಲಿಯಲ್ಲಿ ಕೆಮ್ಮಿದ ಸದ್ದು. ರುದ್ರಪ್ಪ. ಒಳಗೆ ಬರಲಿಲ್ಲ, ಕೂರಲೂ ಇಲ್ಲ.

"ಗೌರಕ್ಕಾ, ಶಿಕಾರಿಪುರಕ್ಕೆ ಬಸ್ಸು ಎಷ್ಟೊತ್ತಿಗೆ?"

"ಮೊದ್ಲು ಕಡುಬು ತಿನ್ನು" ಎಂದಳು ಅತ್ತೆ. ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿದಳು.

ರುದ್ರಪ್ಪ ಹೊರಟ ಮೇಲೆ ಉಳಿದವರೂ ಹೊರಟರು. ಒಗೆದು ಮಡಿಸಿದ ಪಂಚೆ ಉಟ್ಟು, ಮದುವೆಗೆ ಹೋಗುವವರಂತೆ ಒಂದೇ ಬಸ್ಸಿಗೆ ಹತ್ತಿದರು. ಅವರೆಲ್ಲರ ಹೇಳಿಕೆ ಬರೆಸಿ ವಕೀಲರು ಮೇಲಿನ ಕೋರ್ಟಿನ ಮುಂದಿಟ್ಟರು. ಕೊನೆಗೆ ಕೋರ್ಟು ಅವರನ್ನೇ ಕರೆಸಿ ಕೇಳಿತು. ಅಲ್ಲಿ ನಡೆದದ್ದನ್ನು ಅತ್ತೆ ನಮಗೆ ಅಭಿನಯಿಸಿಯೇ ತೋರಿಸುತ್ತಿದ್ದಳು.

"ಹಾಗಾದರೆ ನೀವೂ ಕದ್ದಿರಾ?" ಎಂದು ನ್ಯಾಯಾಧೀಶರು ರುದ್ರಪ್ಪನನ್ನು ಕೇಳಿದರಂತೆ.

"ಹೌದು ಸ್ವಾಮಿ. ಕೊಡಕ್ಕೆ ಹಗ್ಗ ಕಟ್ಟಿದ್ದು ನಾನು. ಅಂಗಳ ದಾಟಿ ಒಳಗೆ ಯಾರೂ ಹೋಗ್ಲಿಲ್ಲ. ಬೆಳಗಾಗೋ ತನಕ ಗುತ್ಯಪ್ಪ ನಮ್ಮ ಜೊತೀಗೇ ಇದ್ದ. ಅಷ್ಟೊತ್ತಿಗೆ ನಮ್ಮನೆ ಚೀನಿಕಾಯೀನೂ ಯಾರೋ ಹೊತ್ಕೊಂಡು ಹೋಗಿದ್ರು ಸ್ವಾಮಿ."

ನ್ಯಾಯಾಧೀಶರೂ ನಕ್ಕರಂತೆ. ಕೆಲವು ದಿನಗಳ ಮೇಲೆ ಗುತ್ಯಪ್ಪ ನಿರಪರಾಧಿ ಎಂದು ತೀರ್ಪಾಯಿತು. ಆ ಸರ ಎಲ್ಲಿ ಹೋಯಿತೋ, ಇವತ್ತಿಗೂ ಗೊತ್ತಿಲ್ಲ.

ಅವನು ಬಸ್ಸಿಳಿದು ಮನೆಗೆ ಬಂದ ದಿನ ಮಗಳು ಅಂಗಳದಲ್ಲಿ ತಟ್ಟಾಡುತ್ತಾ ನಡೆಯುತ್ತಿದ್ದಳು. ಕೈ ಚಾಚಿದರೆ ಕಿಟಾರನೆ ಕಿರುಚಿ ಚೌಡಮ್ಮನ ಸೆರಗಿನೊಳಗೆ ಮುಖ ಹುದುಗಿಸಿದಳು. ಅವನು ಚಾಚಿದ ಕೈಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತ. ಊರಿಗೆ ಊರೇ ಅತ್ತೆಯನ್ನು ಹೊಗಳುತ್ತಿತ್ತು. "ಮನುಷ್ಯನ್ನ ತಂದ್ವಿ. ಹೋದ ದಿನ ತರಾಕೆ ಆಗ್ಲಿಲ್ಲ" ಎಂದಳು ಅವಳು.

ಆಮೇಲೆ ಈಸೂರಿನ ಕಡೆಯಿಂದಲೂ ಯಾರೋ ತಾಯಂದಿರು ಅವಳನ್ನು ಹುಡುಕಿಕೊಂಡು ಬಂದರು. "ನಮ್ಮ ಹುಡುಗ ಮಾಡಿಲ್ಲ ತಾಯಿ" ಎಂದು ಅಳುವರು. ಅತ್ತೆ ಮೊದಲು ಊಟ ಹಾಕುವಳು, ಆಮೇಲೆ ಕೇಳುವಳು: "ಆವಾಗ ಅವನ ಜೊತೀಗೆ ಯಾರಿದ್ರು?" ಕೆಲವು ಸಲ ಗೆದ್ದಳು, ಹೆಚ್ಚು ಸಲ ಬರಿಗೈಯಲ್ಲಿ ಬಂದಳು. ಕಾಲು ನಡೆಯುವವರೆಗೂ ಆ ವಕೀಲರ ಜಗಲಿಗೆ ಹೋಗುವುದನ್ನು ಬಿಡಲಿಲ್ಲ.

ಅತ್ತೆ ಹೋಗಿ ಬಹಳ ಕಾಲವಾಯಿತು. ನಾನು ಈಗ ಶಿಕಾರಿಪುರದಲ್ಲೇ ಸಂಸಾರ ಮಾಡಿಕೊಂಡಿದ್ದೇನೆ. ಇಲ್ಲಿ ಯಾರನ್ನಾದರೂ ಪೊಲೀಸರು ಕರೆದೊಯ್ದರೆ ಸಂಜೆಯೊಳಗೆ ಅವನ ಫೋಟೋ ಎಲ್ಲರ ಮೊಬೈಲಿನಲ್ಲಿ. "ಏನೋ ಮಾಡಿರ್ತಾನ ಬಿಡ್ರಿ" ಎನ್ನುತ್ತಾರೆ, ಅವನ ಜೊತೆ ನಿತ್ಯ ಚಹಾ ಕುಡಿದವರೇ.

ಮೊನ್ನೆ ಊರಿಗೆ ಹೋದಾಗ ಗುತ್ಯಪ್ಪ ಸಿಕ್ಕಿದ. ಹಲ್ಲಿಲ್ಲ, ನೆನಪು ಗಟ್ಟಿ. ತನಗಾಗಿ ಆ ಬಸ್ಸು ಹತ್ತಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿದ. ಅವರಲ್ಲಿ ರುದ್ರಪ್ಪನೂ ಈಗಿಲ್ಲ. ಗೌರಕ್ಕ ಎಂದಾಗ ಹೆಗಲ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೀದಿಯ ಕಡೆ ನೋಡುತ್ತಾ ಕೇಳಿದ:

"ಈಗ ನನ್ನ ಮೊಮ್ಮಗನ್ನ ಹಿಂಗೇ ಹಿಡ್ಕೊಂಡು ಹೋದ್ರೆ, ಯಾರು ಬರ್ತಾರವ್ವಾ?"

ನಾನೂ ಬೀದಿಯ ಕಡೆ ನೋಡಿದೆ. ಹಗಲು ಹೊತ್ತು, ಹಬ್ಬದ ವಾರ. ಎಲ್ಲ ಮನೆಗಳ ಗೇಟೂ ಹಾಕಿತ್ತು.